ಗಾಂಧಿಧಾಮ ಝೋನ್ 5 ಅಂತೆ, ಅಲ್ಲಿ ಯಾವ ಫ್ಲ್ಯಾಟ್ ತಗೊಂಡರೂ ಒಂದೇ ಅಲ್ವಾ?

ಗಾಂಧಿಧಾಮಕ್ಕೆ ವರ್ಗ ಆಗಿದೆ, ಕಛ್ ಪೂರ್ತಿ ಝೋನ್ 5, ಹಾಗಾಗಿ ಎಲ್ಲಿ ಮನೆ ಮಾಡಿದರೂ ಭೂಕಂಪದ ಅಪಾಯ ಒಂದೇ ಅಲ್ವಾ ಅಂತ ಕೇಳಿದ್ದೀರಿ. ಒಂದೇ ಅಲ್ಲ. ನಾನು ಹಾಸನದ ಕಡೆಯವನು, ಗುಜರಾತಿನಲ್ಲಿ ಆರು ವರ್ಷ ಮಣ್ಣು ಪರೀಕ್ಷೆಯ ಕೆಲಸ ಮಾಡಿದ್ದೇನೆ.

ಝೋನ್ ಅನ್ನುವುದು ಭೂಕಂಪದ ಅಪಾಯ ನೋಡಿ ದೇಶವನ್ನು ಹಂಚಿದ ದೊಡ್ಡ ನಕ್ಷೆ ಅಷ್ಟೇ. ನೆಲದಡಿ ಎಲ್ಲಿ ಫಾಲ್ಟ್ (ಬಂಡೆ ಸರಿಯುವ ಬಿರುಕು) ಇದೆ, ಹಿಂದೆ ಎಷ್ಟು ಜೋರಾಗಿ ನಡುಗಿತ್ತು ಅಂತ ನೋಡಿ ಎಳೆದ ಗೆರೆ. ಕಛ್‌ನಲ್ಲಿ 1819ರ ಭೂಕಂಪಕ್ಕೆ ರಣ್‌ನ ನೆಲವೇ ಉಬ್ಬಿ ಅಲ್ಲಾ ಬಂಡ್ ಅನ್ನುವ ದಿಬ್ಬ ಎದ್ದಿತು, 1956ರಲ್ಲಿ ಅಂಜಾರ್ ನಡುಗಿತು, 2001ರ ಜನವರಿ 26ರ ಬೆಳಿಗ್ಗೆ ಭಚಾವ್ ಹತ್ತಿರ 7.7 ಬಂತು. ಕಟ್ಟಡ ಭೂಕಂಪ ತಡೆಯುವಂತೆ ಡಿಸೈನ್ ಮಾಡುವ ಭಾರತೀಯ ಮಾನಕ ಐಎಸ್ 1893. ಅದರ 2016ರ ಆವೃತ್ತಿ, ಎಷ್ಟು ಜೋರಿನ ಅಲುಗಾಟಕ್ಕೆ ಲೆಕ್ಕ ಹಾಕಬೇಕು ಅಂತ ಹೇಳಲು ಝೋನ್ 5ಕ್ಕೆ 0.36 ಅಂಕಿ ಕೊಟ್ಟಿದೆ, ಬೆಂಗಳೂರು ಇರುವ ಝೋನ್ 2ಕ್ಕೆ 0.10. (ಗೆರೆಯನ್ನು ಪೂರ್ತಿ ನಂಬುವುದೂ ಬೇಡ. 1993ರಲ್ಲಿ ನಮ್ಮ ಕಲಬುರಗಿ, ಬೀದರನ್ನೂ ನಡುಗಿಸಿದ ಭೂಕಂಪದ ಕೇಂದ್ರ, ಮಹಾರಾಷ್ಟ್ರದ ಕಿಲ್ಲಾರಿ, ಆಗ ಎಲ್ಲಕ್ಕಿಂತ ಕಡಿಮೆ ಅಪಾಯದ ಝೋನ್ 1ರಲ್ಲಿತ್ತು.)

ಆದರೆ ನಿಮ್ಮ ಮನೆಯನ್ನು ಅಲ್ಲಾಡಿಸುವುದು ನಕ್ಷೆಯಲ್ಲ, ಅದರ ಅಡಿಯ ಮಣ್ಣು. 2001ರಲ್ಲಿ ಅಹಮದಾಬಾದ್ 200 ಕಿಲೋಮೀಟರಿಗಿಂತ ದೂರದಲ್ಲಿತ್ತು. ಅಲ್ಲಿನ ಪಾಸ್‌ಪೋರ್ಟ್ ಕಚೇರಿ ಕಟ್ಟಡದಲ್ಲಿದ್ದ ಉಪಕರಣಕ್ಕೆ ಸಿಕ್ಕ ಅಲುಗಾಟ ಗುರುತ್ವದ ಹತ್ತರಲ್ಲಿ ಒಂದು ಪಾಲಿನಷ್ಟು. ಅಷ್ಟಕ್ಕೇ ಎಷ್ಟೋ ಅಪಾರ್ಟ್‌ಮೆಂಟುಗಳು ಕುಸಿದವು. ಸಾಬರಮತಿ ತಂದು ಹಾಕಿದ ಆಳದ ಮೆಕ್ಕಲು ಮಣ್ಣು ಒಂದು ಕಾರಣ. ಬಂಡೆಯಲ್ಲಿ ಜೋರಾಗಿ ಓಡುವ ಅಲೆ ಮೆತ್ತನೆ ಮಣ್ಣಿಗೆ ಬಂದರೆ ನಿಧಾನವಾಗುತ್ತದೆ, ತೂಗಾಟ ಜಾಸ್ತಿಯಾಗುತ್ತದೆ. ಕಟ್ಟಡಕ್ಕೂ ಅದರದ್ದೇ ತಾಳ ಇದೆ, ಒಮ್ಮೆ ಆ ಕಡೆ ಈ ಕಡೆ ತೂಗಿ ಬರಲು ಹೆಚ್ಚುಕಮ್ಮಿ ಮಹಡಿಗೆ 0.1 ಸೆಕೆಂಡ್ ಅಂತ ಲೆಕ್ಕ ಇಟ್ಟುಕೊಳ್ಳಿ, ಹತ್ತು ಮಹಡಿ ಅಂದರೆ ಒಂದು ಸೆಕೆಂಡ್. ಮಣ್ಣೂ ಅದೇ ತಾಳಕ್ಕೆ ಬಿತ್ತೋ, ಉಯ್ಯಾಲೆಯನ್ನು ಹದ ನೋಡಿ ತಳ್ಳಿದ ಹಾಗೆ. ಇನ್ನೊಂದು ಕಾರಣ, ಕೆಳಗೆ ಗೋಡೆಯೇ ಇಲ್ಲದೆ ಬರೀ ಕಂಬಗಳ ಮೇಲೆ ಬಿಟ್ಟ ಪಾರ್ಕಿಂಗ್. ಮೇಲೆಲ್ಲ ಗಟ್ಟಿ, ಕಾಲು ಮಾತ್ರ ಬಡಕಲು.

ನಿಮ್ಮ ಊರಿನ ಪಕ್ಕದ ಕಾಂಡ್ಲಾದಲ್ಲಿ ಇನ್ನೊಂದು ತೊಂದರೆ ಇದೆ. ನೀರು ತುಂಬಿದ ಸಡಿಲ ಮರಳು ನಡುಗಿದರೆ ಗಂಜಿಯಾಗುತ್ತದೆ. 2001ರಲ್ಲಿ ಬಂದರಿನ ಕಸ್ಟಮ್ಸ್ ಗೋಪುರ ಪೈಲ್ (ನೆಲದಾಳಕ್ಕೆ ಇಳಿಸಿದ ಕಂಬ) ಮೇಲೆ ನಿಂತಿದ್ದರೂ ವಾಲಿಬಿಟ್ಟಿತು.

ಅಡಿಯ ಮಣ್ಣು ಎಷ್ಟು ಗಟ್ಟಿ ಅಂತ ತಿಳಿಯುವ ದಾರಿ ತೀರಾ ಒರಟು. ಬೋರ್ ಕೊರೆದು, 63.5 ಕಿಲೋ ಸುತ್ತಿಗೆಯನ್ನು 75 ಸೆಂಟಿಮೀಟರ್ ಮೇಲಿಂದ ಬಿಡುತ್ತೇವೆ. ಕೊಳವೆ 30 ಸೆಂಟಿಮೀಟರ್ ಇಳಿಯಲು ಎಷ್ಟು ಪೆಟ್ಟು ಬೇಕಾಯಿತು ಅಂತ ಎಣಿಸುತ್ತೇವೆ, ಅದೇ ಎನ್ ವ್ಯಾಲ್ಯೂ. ಒಂದು ಸೈಟಿನಲ್ಲಿ ನಾಲ್ಕೇ ಪೆಟ್ಟಿಗೆ ಇಳಿದುಹೋಯಿತು, ಇನ್ನೂರು ಹೆಜ್ಜೆ ಆಚೆಯ ಬೋರಿನಲ್ಲಿ ಮೂವತ್ತು ದಾಟಿತು. ಎರಡೂ ಝೋನ್ 5!

ಹಾಗಾಗಿ ಮನೆ ನೋಡಲು ಹೋದಾಗ ಟೈಲ್ಸ್ ಆಮೇಲೆ ನೋಡಿ, ಮೊದಲು ಪಾರ್ಕಿಂಗ್‌ಗೆ ಇಳಿದು ಕಂಬಗಳ ನಡುವೆ ಎಲ್ಲಾದರೂ ಕಾಂಕ್ರೀಟ್ ಗೋಡೆ ಇದೆಯಾ ನೋಡಿ. ಬಿಲ್ಡರ್ ಹತ್ತಿರ ಸಾಯಿಲ್ ರಿಪೋರ್ಟ್ ಕೇಳಿ, ಮೇಲಿನ ಹದಿನೈದು ಮೀಟರಿನ ಎನ್ ಅಂಕಿಗಳನ್ನೂ ನೀರಿನ ಮಟ್ಟವನ್ನೂ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರಿಗೆ ತೋರಿಸಿ. ‘ಅದೆಲ್ಲ ಯಾಕೆ ಸಾರ್, ಝೋನ್ 5ಕ್ಕೇ ಡಿಸೈನ್ ಮಾಡಿದೀವಿ’ ಅಂತ ಸುಮ್ನೆ ಮಾತು ತೇಲಿಸಿದರೆ, ಬೇರೆ ಕಟ್ಟಡ ನೋಡಿ.