ಬೇಟ್ ಬೋಟಿಗೆ ಮೂರು ಸೆಲ್ಲಿನ ಬ್ಯಾಟರಿ ಹಾಕಬಹುದೇ?

ಗಾಳದವರ ಪ್ರಶ್ನೆ, ವೈಂಡಿಂಗ್ ಅಂಗಡಿಯ ಉತ್ತರ

ಪ್ರಶ್ನೆ: ಬೇಟ್ ಬೋಟ್, ಅಂದರೆ ಗಾಳದ ಜಾಗಕ್ಕೆ ಮೇವು ಹೊತ್ತು ಹಾಕಿ ಬರುವ ರಿಮೋಟಿನ ಪುಟ್ಟ ದೋಣಿ ತರಿಸಿದ್ದೇನೆ. ಎರಡು ಮೋಟಾರು, 7.4 ವೋಲ್ಟ್ ಬ್ಯಾಟರಿ. ಒಂದೂವರೆ ಕಿಲೋ ಮೇವು ಹೊರುತ್ತದೆ ಅಂತ ಡಬ್ಬದ ಮೇಲಿದೆ. ಆದರೆ ತುಂಬಿ ಬಿಟ್ಟರೆ ಎದುರುಗಾಳಿಗೆ ತೆವಳುತ್ತದೆ. 11.1 ವೋಲ್ಟ್ ಬ್ಯಾಟರಿ ಹಾಕು, ಹಾರುತ್ತದೆ ಅಂತಾರೆ ಗೆಳೆಯರು. ಹಾಕಲೇ ಸರ್?
ಒಬ್ಬ ಓದುಗರು, ಚನ್ನರಾಯಪಟ್ಟಣ

ಉತ್ತರ: ಸ್ಪೀಡೂ ಬರುತ್ತದೆ, ಸುಟ್ಟ ವಾಸನೆಯೂ ಬರುತ್ತದೆ. ಅಂಗಡಿಗೆ ಬರುವ ಸತ್ತ ಬೋಟುಗಳಲ್ಲಿ ಈ ಜಾತಿಯವೇ ಹೆಚ್ಚು.

ಲೆಕ್ಕ ಹೀಗಿದೆ. ನಿಮ್ಮ 7.4 ವೋಲ್ಟಿನದು ಎರಡು ಸೆಲ್ಲಿನ ಬ್ಯಾಟರಿ, ಗೆಳೆಯರು ಹೇಳುವ 11.1 ಮೂರು ಸೆಲ್ಲಿನದು. ಎರಡು ಸೆಲ್ಲಿನ ಬ್ಯಾಟರಿ ಫುಲ್ ಚಾರ್ಜಿನಲ್ಲಿ 8.4 ವೋಲ್ಟ್, ಮೂರು ಸೆಲ್ಲಿನದು 12.6. ವೋಲ್ಟೇಜ್ ಒಂದೂವರೆ ಪಟ್ಟು. ಗಾಳಿಯಲ್ಲಿ ಸುಮ್ಮನೆ ತಿರುಗುವ ಮೋಟಾರಿಗೆ ಅದು ದೊಡ್ಡದಲ್ಲ. ಆದರೆ ನೀರಿನಲ್ಲಿ ಪ್ರೊಪೆಲ್ಲರ್ ಒಂದೂವರೆ ಪಟ್ಟು ಜೋರಾಗಿ ತಿರುಗಬೇಕಾದರೆ ಬೇಕಾಗುವ ತಿರುಚುಬಲ ಎರಡೂಕಾಲು ಪಟ್ಟು. ಕರೆಂಟೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಮೊದಲು ಮೋಟಾರೊಂದಕ್ಕೆ 2 ಆಂಪಿಯರ್ ಹೋಗುತ್ತಿದ್ದಲ್ಲಿ ಈಗ ನಾಲ್ಕೂವರೆ. ಮೋಟಾರಿನೊಳಗೆ ಕರೆಂಟು ಮುಟ್ಟಿಸುವ ಪುಟ್ಟ ಕಾರ್ಬನ್ ಬ್ರಷ್ಷು, ಬೋರ್ಡಿನ ಮೇಲೆ ಕರೆಂಟಿನ ಸ್ವಿಚ್ಚಿನಂತೆ ಕೆಲಸ ಮಾಡುವ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಮಾಸ್ಫೆಟ್ಟು, ಇವೆರಡೂ ಆ ಏಟು ತಿನ್ನುತ್ತವೆ. ಪ್ರೊಪೆಲ್ಲರಿಗೆ ಒಂದು ಎಳೆ ಪಾಚಿ ಸುತ್ತಿಕೊಂಡರೆ ಅಲ್ಲಿಗೆ ಕತೆ ಮುಗಿಯಿತು.

ಗೆಳೆಯರು ಹೇಳದ ಇನ್ನೊಂದು ಸಂಗತಿ ಇದೆ. ಬ್ಯಾಟರಿ ಇಳಿದಾಗ ರಿಮೋಟಿನಲ್ಲಿ ಪೀಂಪೀಂ ಅನ್ನುತ್ತದಲ್ಲ, ಅದನ್ನು ಎರಡು ಸೆಲ್ಲಿಗೆ ಹೊಂದಿಸಿರುತ್ತಾರೆ. 6.8 ವೋಲ್ಟಿಗೆ ಕೂಗುವ ಬೋರ್ಡು ಅಂದುಕೊಳ್ಳಿ. ಮೂರು ಸೆಲ್ ಹಾಕಿದ ಮೇಲೆ ಅದು ಕೂಗುವ ಹೊತ್ತಿಗೆ ಒಂದೊಂದು ಸೆಲ್ಲೂ ಎರಡೂಕಾಲು ವೋಲ್ಟಿಗೆ ಇಳಿದು ಹಾಳಾಗಿರುತ್ತದೆ, ಬೋಟು ಕೆರೆ ಮಧ್ಯೆ ನಿಂತಿರುತ್ತದೆ. ಹಳೆಯ 8.4 ವೋಲ್ಟಿನ ಚಾರ್ಜರನ್ನು ಹೊಸ ಬ್ಯಾಟರಿಗೆ ಸಿಕ್ಕಿಸಿ, ಚಾರ್ಜೇ ಆಗ್ತಿಲ್ಲ ಅಂತ ಬರುವವರೂ ಇದ್ದಾರೆ. ಹೇಗಾದೀತು?

ವೋಲ್ಟೇಜ್ ಮುಟ್ಟಬೇಡಿ, ಆಂಪಿಯರ್ ಅವರ್, ಅಂದರೆ ಬ್ಯಾಟರಿ ಹಿಡಿಯುವ ಚಾರ್ಜು ಹೆಚ್ಚಿಸಿ. 7.4 ವೋಲ್ಟಿನ 5200 ಎಂಎಎಚ್ (5.2 ಆಂಪಿಯರ್ ಅವರ್) ಪ್ಯಾಕಿನಲ್ಲಿ ಸಾಮಾನ್ಯವಾಗಿ 18650 ಅಳತೆಯ ನಾಲ್ಕು ಸೆಲ್ ಇರುತ್ತವೆ, ಒಂದೊಂದು ಸೆಲ್ಲಿನ ಜಾಗದಲ್ಲಿ ಎರಡೆರಡು ಜೋಡಿಸಿರುತ್ತಾರೆ. ಎಂಟು ಸೆಲ್ಲಿನ 7.4 ವೋಲ್ಟ್ ಪ್ಯಾಕ್ ಕಟ್ಟಿಸಿದರೆ ತೂಕ ಹೆಚ್ಚುವುದು 200 ಗ್ರಾಮಿನ ಒಳಗೆ, ಓಡುವ ಹೊತ್ತು ದುಪ್ಪಟ್ಟು. ಹಳೇ ಲ್ಯಾಪ್‌ಟಾಪ್ ಸೆಲ್ಲು ಬೇಡ. ಒಂದೇ ಬ್ರ್ಯಾಂಡಿನ ಹೊಸ ಸೆಲ್ಲು, ಬಿಎಂಎಸ್ (ಸೆಲ್ಲುಗಳನ್ನು ಕಾಯುವ ಪುಟ್ಟ ಬೋರ್ಡು) ಇರುವ ಪ್ಯಾಕು. ಮೇವಿನ ಡಬ್ಬಿ ಹಿಂದಿದ್ದರೆ ಪ್ಯಾಕನ್ನು ಮುಂದಕ್ಕೆ ತಳ್ಳಿ ಕೂರಿಸಿ.

ಇನ್ನು ತೆವಳುವುದಕ್ಕೆ ಮದ್ದು. ತಕ್ಕಡಿಗೆ ಹಾಕಿದ್ದೀರಾ? ಕಡಲೆಹಿಂಡಿ, ತೌಡು ಒಣಗಿದ್ದಾಗ ಒಂದು ತೂಕ, ಕಲಸಿ ಹತ್ತು ನಿಮಿಷ ಬಿಟ್ಟ ಮೇಲೆ ಇನ್ನೊಂದು. ಒಂದೂವರೆ ಕಿಲೋ ಅನ್ನುವುದು ನೀರು ಕುಡಿದ ಮೇಲಿನ ತೂಕ. ಗಾಳವನ್ನೂ ಬೋಟಿನಲ್ಲೇ ಕಳಿಸುತ್ತಿದ್ದರೆ ರೀಲಿನ ಬೇಲ್, ಅಂದರೆ ದಾರ ಹಿಡಿದಿಡುವ ಕಂಬಿ ಪೂರ್ತಿ ತೆರೆದಿರಲಿ. 200 ಮೀಟರ್ ದಾರ ನೀರಿನಲ್ಲಿ ಕಮಾನಾಗಿ ಬಿದ್ದಾಗ ಅದು ಬೋಟನ್ನು ಪಕ್ಕಕ್ಕೆ ಎಳೆಯುವುದೇ ಹೆಚ್ಚು. ಇದನ್ನೇ ಜನ ಮೋಟಾರಿನ ದೋಷ ಅಂತ ನನ್ನ ಹತ್ತಿರ ತರುತ್ತಾರೆ. ಆಷಾಢದ ಗಾಳಿಯಲ್ಲಂತೂ ಗಾಳಿ ನಿಮ್ಮ ಮುಖಕ್ಕೆ ಹೊಡೆಯುವ ದಡದಲ್ಲೇ ಕೂತು ಬೋಟು ಬಿಡಿ. ಹೋಗುವಾಗ ನಿಧಾನ, ಸರಿ. ಆದರೆ ನಡುವೆ ಕೆಟ್ಟು ನಿಂತರೆ ಅದೇ ಗಾಳಿ ನಿಮ್ಮ ಕಾಲ ಬುಡಕ್ಕೆ ತಂದು ಹಾಕುತ್ತದೆ.

ಪ್ರಶ್ನೆ: ಡಬ್ಬದ ಮೇಲೆ 500 ಮೀಟರ್ ಅಂತಿದೆ. 150 ಮೀಟರ್ ದಾಟಿದರೆ ನನ್ನ ಬೋಟು ಮಾತು ಕೇಳುವುದಿಲ್ಲ. ಹೆಚ್ಚು ಪವರಿನ ಆಂಟೆನಾ ಸಿಗುತ್ತದೆಯೇ?
ಶಿಕಾರಿಪುರದಿಂದ

ಉತ್ತರ: ದುಡ್ಡು ಖರ್ಚು ಮಾಡುವ ಮೊದಲು ಎದ್ದು ನಿಲ್ಲಿ. ತಮಾಷೆಯಲ್ಲ. ಈ ಬೋಟುಗಳು ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್‌ನಲ್ಲಿ ಓಡುತ್ತವೆ. ನೀರಿಗೆ ಅಂಟಿಕೊಂಡು ಹೋಗುವ ಈ ಸಿಗ್ನಲ್ ಬೇಗ ಸಾಯುತ್ತದೆ. 300 ಮೀಟರ್ ದೂರದ ಬೋಟಿಗೆ ಸಿಗ್ನಲ್ ಚೆನ್ನಾಗಿ ಮುಟ್ಟಬೇಕಾದರೆ ನಡುದಾರಿಯಲ್ಲಿ ನೇರ ಗೆರೆಯ ಸುತ್ತ ಸುಮಾರು 3 ಮೀಟರ್ ಬಯಲು ಬೇಕು. ನೀರಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ರಿಮೋಟ್ ಒತ್ತಿದರೆ ಅದರಲ್ಲಿ ಅರ್ಧ ನೀರೊಳಗೇ ಮುಳುಗಿರುತ್ತದೆ. ಕೆರೆ ಏರಿಯ ಮೇಲೆ ಹತ್ತಿ ನಿಂತು ಒಮ್ಮೆ ಓಡಿಸಿ ನೋಡಿ.

ಆಮೇಲೆ ಬೋಟಿನ ಮುಚ್ಚಳ ಬಿಚ್ಚಿ. ಬೂದು ಬಣ್ಣದ ಸಣ್ಣ ವೈರೊಂದು ಬ್ಯಾಟರಿಯ ಪಕ್ಕದಲ್ಲಿ ಮಡಚಿಕೊಂಡು ಮಲಗಿರುತ್ತದೆ. ಅದರ ತುದಿಯಲ್ಲಿ ಹೊರಕವಚ ಸುಲಿದ 31 ಮಿಲಿಮೀಟರ್ ಭಾಗವಿದೆಯಲ್ಲ, ಆಂಟೆನಾ ಅಂದರೆ ಅಷ್ಟೇ, ಉಳಿದದ್ದು ಬರೀ ಕೇಬಲ್. ಆ ತುದಿಯನ್ನು ಎಳನೀರಿನ ಪ್ಲಾಸ್ಟಿಕ್ ಕೊಳವೆಯೊಳಗೆ ಸೇರಿಸಿ, ಮುಚ್ಚಳದ ಮೇಲೆ ನೆಟ್ಟಗೆ ನಿಲ್ಲಿಸಿ, ಬುಡವನ್ನು ಸೀಲ್ ಮಾಡಿ. ಕೊಳವೆಯ ತುದಿಯನ್ನೂ ಮುಚ್ಚಿ. ರಿಮೋಟಿನ ಆಂಟೆನಾವನ್ನು ಬೋಟಿನತ್ತ ಬೊಟ್ಟು ಮಾಡಿ ತೋರಿಸಬೇಡಿ. ತುದಿಯಿಂದ ಹೊರಡುವ ಸಿಗ್ನಲ್ ತೀರಾ ಕಡಿಮೆ, ಪಕ್ಕದಿಂದ ಹೊರಡುವುದೇ ಜಾಸ್ತಿ. ಅದೂ ನೆಟ್ಟಗೇ ಇರಲಿ.

ಇಷ್ಟಾದರೂ ಬೋಟು ತಡವರಿಸಿದರೆ ಸಿಗ್ನಲ್ಲಿಗೆ ಅಡ್ಡ ಬರುವ ಮೋಟಾರಿನ ಕಿಡಿಯ ಗದ್ದಲ ಇರಬಹುದು. 104 ಅಂತ ಬರೆದಿರುವ ಸೆರಾಮಿಕ್ ಕೆಪಾಸಿಟರು ಒಂದೊಂದು ಮೋಟಾರಿಗೆ ಮೂರರಂತೆ ತನ್ನಿ. ಎರಡು ಟರ್ಮಿನಲ್ ನಡುವೆ ಒಂದು, ಪ್ರತಿ ಟರ್ಮಿನಲ್‌ನಿಂದ ಮೋಟಾರಿನ ಮೈಗೆ ಒಂದೊಂದು. ಮೈಗೆ ಬೆಸುಗೆ ಹತ್ತಬೇಕಾದರೆ ಮೊದಲು ಅಲ್ಲಿ ಎಮರಿ ಪೇಪರಿನಲ್ಲಿ ಉಜ್ಜಿ. ವೈಫೈನಲ್ಲಿ ಕೆಲಸ ಮಾಡುವ ಫಿಶ್ ಫೈಂಡರ್ (ಮೀನು ಪತ್ತೆ ಮಾಡುವ ಯಂತ್ರ) ಕಟ್ಟಿದ್ದರೆ ಅದನ್ನೂ ಒಮ್ಮೆ ಆಫ್ ಮಾಡಿ ನೋಡಿ, ಅದೂ ಇದೇ 2.4ರ ಹಾದಿಯಲ್ಲೇ ಇರಬಹುದು.

ನಿಂತ ಬೋಟನ್ನು ತರಲು ಈಜಿ ಹೋಗುವ ಸಾಹಸ ಬೇಡ. ನಮ್ಮ ಕೆರೆಗಳ ಹೂಳು, ಜೊಂಡು ಈಜುಗಾರನ ಕಾಲನ್ನೂ ಬಿಡುವುದಿಲ್ಲ. ತೆಪ್ಪದವರಿಗೆ ಟೀ ಕಾಸು ಕೊಡಿ.

ಪ್ರಶ್ನೆ: ಮುಚ್ಚಳದ ಸಂದಿಗೆ ಗಾಜಿನ ತೊಟ್ಟಿಯ ಸಿಲಿಕೋನ್ ಹಚ್ಚಿದೆ. ನೀರು ನಿಂತಿತು, ಆದರೆ ಬೋರ್ಡಿನ ತಾಮ್ರವೆಲ್ಲ ಹಸಿರಾಗಿದೆ. ಏಕೆ?
ಹೊಸಪೇಟೆಯಿಂದ

ಉತ್ತರ: ಹಚ್ಚುವಾಗ ಹುಳಿ ವಾಸನೆ, ವಿನೆಗರ್ ವಾಸನೆ ಬಂದಿರಬೇಕು. ಆ ಜಾತಿಯ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ಮುಚ್ಚಿದ ಬೋಟಿನೊಳಗೆ ಅದು ಹೋಗುವುದೆಲ್ಲಿಗೆ? ತಾಮ್ರವನ್ನೇ ತಿನ್ನುತ್ತದೆ. ಅಂಗಡಿಯಲ್ಲಿ ನ್ಯೂಟ್ರಲ್ ಸಿಲಿಕೋನ್ ಅಂತ ಕೇಳಿ. ಮುಚ್ಚಳ ಮುಚ್ಚುವ ಮೊದಲು ಪೂರ್ತಿ ಒಣಗಲು ಬಿಡಿ.

ಹಾಗೇ ಪ್ರೊಪೆಲ್ಲರ್ ತಿರುಗಿಸುವ ಶಾಫ್ಟಿನ ಕೊಳವೆಯನ್ನೂ ನೋಡಿ, ನೀರು ಹೆಚ್ಚಾಗಿ ನುಗ್ಗುವುದು ಅಲ್ಲಿಂದಲೇ. ಪ್ರೊಪೆಲ್ಲರ್ ಬಿಚ್ಚಿದರೆ ಹಿಂದೆ ಗಾಳದ ದಾರದ ಉಂಗುರವೊಂದು ಸುತ್ತಿಕೊಂಡಿದ್ದರೂ ಇರಬಹುದು. ಅದು ಸೀಲನ್ನು ಕೊರೆಯುತ್ತದೆ. ಬ್ಲೇಡಿನಿಂದ ಬಿಡಿಸಿ ತೆಗೆದು, ನೀರಿಗೆ ಕರಗದ ಗ್ರೀಸ್ ತುಂಬಿ.

ಪ್ರಶ್ನೆ: ನಾನು ಇಂಜಿನಿಯರಿಂಗ್ ವಿದ್ಯಾರ್ಥಿ. ಹಳೆಯ ಬೇಟ್ ಬೋಟಿಗೆ ಜಿಪಿಎಸ್ ಹಾಕಿ ತಾನಾಗಿಯೇ ಹೋಗಿ ಬರುವಂತೆ ಮಾಡಬೇಕೆಂದಿದ್ದೇನೆ. ಎಲ್ಲಿಂದ ಶುರು ಮಾಡಲಿ?
ಹುಬ್ಬಳ್ಳಿಯಿಂದ

ಉತ್ತರ: ಭೇಷ್! ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ದುಡ್ಡು ಹಾಕಲು ಯೋಗ್ಯವಾದ ಮಾರ್ಪಾಡು ಇದೊಂದೇ. ವಾಹನಗಳನ್ನು ತಾನಾಗಿಯೇ ಓಡಿಸುವ ಆರ್ಡುಪೈಲಟ್ ಅನ್ನುವ ಉಚಿತ ತಂತ್ರಾಂಶದಲ್ಲಿ ‘ರೋವರ್’ ಎಂಬ ಭಾಗವಿದೆ, ಅದರಲ್ಲಿ ಬೋಟಿಗೆಂದೇ ಆಯ್ಕೆ ಇದೆ. ಚುಕ್ಕಾಣಿ ಇಲ್ಲದೆ ಎಡಬಲ ಮೋಟಾರುಗಳ ವೇಗ ಬದಲಿಸಿ ತಿರುಗುವ ನಿಮ್ಮ ಬೋಟಿನಂಥವಕ್ಕೆ ಸ್ಕಿಡ್ ಸ್ಟೀರಿಂಗ್ ಸೆಟ್ಟಿಂಗ್. ಹಳೆಯ ಬೋರ್ಡಿನಲ್ಲಿ ರಿಸೀವರು, ಮೋಟಾರು ಡ್ರೈವರು ಎಲ್ಲ ಒಂದೇ ತುಂಡಾಗಿದ್ದರೆ ಅದನ್ನು ತೆಗೆದುಬಿಡಿ. ಆರ್ಡುಪೈಲಟ್ ಓಡುವ ಬೋರ್ಡಿನ ಜೊತೆಗೆ ರಿವರ್ಸ್ ಇರುವ ಎರಡು ಬ್ರಷ್ಡ್ ಇಎಸ್‌ಸಿ (ಬ್ರಷ್ ಮೋಟಾರಿನ ವೇಗ ನಿಯಂತ್ರಿಸುವ ಬೋರ್ಡು), ಬೇರೆ ರಿಮೋಟು, ರಿಸೀವರು ಬೇಕು.

ಮುಗ್ಗರಿಸುವ ಜಾಗ ಎರಡು. ಮೊದಲನೆಯದು ದಿಕ್ಸೂಚಿ. ಅನೇಕ ಬೋಟುಗಳಲ್ಲಿ ಮೇವಿನ ಡಬ್ಬಿಯ ಬಾಗಿಲನ್ನು ಹಿಡಿದಿಡುವುದು ಅಯಸ್ಕಾಂತ. ಮೋಟಾರಿನಲ್ಲೂ ಅಯಸ್ಕಾಂತ. ಬಾಗಿಲು ತೆರೆದ ಕ್ಷಣ ಉತ್ತರ ದಿಕ್ಕೇ ಬದಲಾಗಿ ಬೋಟು ಬುಗುರಿಯಾಗುತ್ತದೆ. ಜಿಪಿಎಸ್ ಮತ್ತು ದಿಕ್ಸೂಚಿಯ ಡಬ್ಬಿಯನ್ನು ಒಂದು ಗೇಣು ಎತ್ತರದ ಪ್ಲಾಸ್ಟಿಕ್ ಕಂಬದ ಮೇಲೆ ಕೂರಿಸಿ. ಕಬ್ಬಿಣದ ಸ್ಕ್ರೂ ಬೇಡ, ಹಿತ್ತಾಳೆಯದಿರಲಿ.

ಎರಡನೆಯದು ‘ಮನೆ’. ಬೋಟನ್ನು ಆರ್ಮ್ ಮಾಡಿದ, ಅಂದರೆ ಮೋಟಾರು ತಿರುಗಲು ಅನುಮತಿ ಕೊಟ್ಟ ಜಾಗವೇ ಅದಕ್ಕೆ ಮನೆ. ಏರಿಯ ಮೇಲೆ ಸ್ಕೂಟರ್ ಪಕ್ಕ ನಿಂತು ಆರ್ಮ್ ಮಾಡಿ ನೀರಿಗೆ ಬಿಟ್ಟರೆ, ಸಿಗ್ನಲ್ ತಪ್ಪಿದಾಗ ಮನೆಗೆ ಮರಳುವಂತೆ ಹೊಂದಿಸಿದ ಬೋಟು ಪ್ರಾಮಾಣಿಕವಾಗಿ ಏರಿ ಹತ್ತಲು ನೋಡುತ್ತದೆ, ಕಲ್ಲುಗಳ ನಡುವೆ ಪ್ರೊಪೆಲ್ಲರ್ ಮುರಿದುಕೊಳ್ಳುತ್ತದೆ. ನೀರಿನಲ್ಲಿ ತೇಲಿಬಿಟ್ಟು ಆಮೇಲೆ ಆರ್ಮ್ ಮಾಡಿ. ಸಿಗ್ನಲ್ ತಪ್ಪಿದಾಗಿನ ಈ ವ್ಯವಸ್ಥೆಯನ್ನು, ಅಂದರೆ ಫೇಲ್‌ಸೇಫನ್ನು, ದಡದ ಹತ್ತಿರವೇ, ರಿಮೋಟ್ ಆಫ್ ಮಾಡಿ ಪರೀಕ್ಷಿಸಿ.

ಟೆಲಿಮೆಟ್ರಿಗೆ (ಬೋಟಿನ ಮಾಹಿತಿಯನ್ನು ದಡಕ್ಕೆ ತರಿಸಿಕೊಳ್ಳಲು) ಆನ್‌ಲೈನಿನಲ್ಲಿ ಸಿಗುವ 915 ಮೆಗಾಹರ್ಟ್ಸ್ ರೇಡಿಯೋ ಕೊಳ್ಳಬೇಡಿ, ನಮ್ಮ ದೇಶದಲ್ಲಿ ಅದು ಲೈಸೆನ್ಸ್ ಬೇಡದ ಬ್ಯಾಂಡ್ ಅಲ್ಲ.

ಪ್ರಶ್ನೆ: ಬಲೆ ಬೀಸುವುದಿಲ್ಲ, ಬೋಟಿನಲ್ಲಿ ಮೇವು ಬಿಟ್ಟು ಒಂದೇ ಗಾಳ ಹಾಕುತ್ತೇನೆ. ಊರ ಕೆರೆಗೂ ಅನುಮತಿ ಬೇಕೇ?
ಕಡೂರಿನಿಂದ

ಉತ್ತರ: ಕೆರೆ ನೀರು ಊರಿನದಾದರೂ ಮೀನು ಗುತ್ತಿಗೆದಾರರದಾಗಿರಬಹುದು. ಬಹಳಷ್ಟು ಕೆರೆಗಳ ಮೀನು ಪಾಶುವಾರು ಹಕ್ಕನ್ನು (ಮೀನು ಹಿಡಿಯುವ ಹಕ್ಕನ್ನು) ಮೀನುಗಾರಿಕೆ ಇಲಾಖೆಯೋ ಪಂಚಾಯಿತಿಯೋ ಗುತ್ತಿಗೆಗೆ ಕೊಟ್ಟಿರುತ್ತದೆ. ಕಾಟ್ಲಾ, ರೋಹು ಮರಿ ತಂದು ಬಿಟ್ಟಿರುವವರು ಅವರು. ಗಾಳವೋ ಬಲೆಯೋ ಅವರಿಗೆ ಎರಡೂ ಒಂದೇ. ಅದರಲ್ಲೂ ದೀಪ ಹಚ್ಚಿಕೊಂಡು ರಾತ್ರಿ ಓಡಾಡುವ ಬೋಟು ಕಂಡರೆ ಅನುಮಾನ ಬಾರದೇ? ಗುತ್ತಿಗೆ ಯಾರದು ಅಂತ ಪಂಚಾಯಿತಿ ಕಚೇರಿಯಲ್ಲಿ ವಿಚಾರಿಸಿ, ಹಗಲು ಹೊತ್ತಿನಲ್ಲಿ ಅವರ ಮುಂದೆಯೇ ಒಂದು ಸುತ್ತು ಬೋಟು ಓಡಿಸಿ ತೋರಿಸಿ, ಆಮೇಲೆ ಗಾಳದ ಮಾತು ತೆಗೆಯಿರಿ.