ಮದುವೆಗೋಸ್ಕರ ಮತ್ತೆ ದೀಕ್ಷಾಸ್ನಾನವೇ?

ಬಳ್ಳಾರಿಯ ಕೌಲ್ ಬಜಾರಿನಿಂದ ತಾಯಿಯೊಬ್ಬರು ಬರೆದಿದ್ದಾರೆ. ಅವರದು ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಸಭೆ (ಚರ್ಚು). ಮಗಳಿಗೆ ಕೂಸಿದ್ದಾಗಲೇ ದೀಕ್ಷಾಸ್ನಾನ (ನೀರಿನಿಂದ ಕ್ರೈಸ್ತ ಸಭೆಗೆ ಸೇರಿಸುವ ಸಂಸ್ಕಾರ, ಬ್ಯಾಪ್ಟಿಸಂ) ಆಗಿದೆ, ದೊಡ್ಡವಳಾದ ಮೇಲೆ ಆ ನಂಬಿಕೆಯನ್ನು ತಾನೇ ಒಪ್ಪಿಕೊಳ್ಳುವ ದೃಢೀಕರಣವೂ ಆಗಿದೆ. ಈಗ ಗೊತ್ತಾಗಿರುವ ಹುಡುಗ ಪೆಂತೆಕೋಸ್ತ್ ಸಭೆಯವನು. ಅವರ ಪಾಸ್ಟರ್, ಹಣೆಗೆ ನೀರು ಹಾಕಿದ್ದು ಲೆಕ್ಕಕ್ಕಿಲ್ಲ, ಹುಡುಗಿ ಮುಳುಗಿ ದೀಕ್ಷಾಸ್ನಾನ ತಗೊಂಡರಷ್ಟೇ ಮದುವೆ ಎಂದಿದ್ದಾರಂತೆ. "ಹಾಗಾದರೆ ಇಷ್ಟು ವರ್ಷ ನನ್ನ ಮಗಳು ಕ್ರೈಸ್ತಳೇ ಅಲ್ವಾ? ಕರ್ತ ಒಬ್ಬನೇ, ಇಷ್ಟೊಂದು ಸಭೆ ಯಾಕೆ?" ಎಂದು ಕೇಳಿದ್ದಾರೆ.

ಅಮ್ಮ, ನಿಮ್ಮ ಮಗಳು ಕ್ರೈಸ್ತಳೇ. ಅದರಲ್ಲಿ ಅನುಮಾನ ಬೇಡ.

ಆದರೆ ಆ ಪಾಸ್ಟರ್ ಮಾತನ್ನು ಸುಮ್ನೆ ಹಟ ಎಂದು ತಳ್ಳಿಹಾಕಬೇಡಿ. ಅದರ ಹಿಂದೆ ರಕ್ತ ಸುರಿಸಿದವರ ಕಥೆ ಇದೆ. 1525ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಕೆಲವರು, ನಂಬಿಕೆ ಹುಟ್ಟಿದ ಮೇಲೆ ತಾನಾಗಿ ಕೇಳಿ ಪಡೆಯುವುದೇ ದೀಕ್ಷಾಸ್ನಾನ ಎಂದು ಒಬ್ಬರಿಗೊಬ್ಬರು ಮತ್ತೆ ದೀಕ್ಷಾಸ್ನಾನ ಕೊಟ್ಟರು. ಅವರಲ್ಲಿ ಫೆಲಿಕ್ಸ್ ಮಾಂಟ್ಸ್ ಎಂಬುವನನ್ನು 1527ರ ಜನವರಿಯಲ್ಲಿ ಕೈಕಾಲು ಕಟ್ಟಿ ಲಿಮ್ಮಾತ್ ನದಿಯಲ್ಲಿ ಮುಳುಗಿಸಿ ಕೊಂದರು. ಕೊಲ್ಲಿಸಿದವರು ಪ್ರೊಟೆಸ್ಟಂಟರೇ. ಅರಸರಾಗಲಿ ಪುರೋಹಿತರಾಗಲಿ ಯಾರ ಮೇಲೂ ನಂಬಿಕೆ ಹೇರಬಾರದು ಎಂಬುದೇ ಆ ಜನರ ಜೀವಾಳವಾಗಿತ್ತು.

ನನಗೆ ಸಂಕಟವಾಗುವುದು ಇಲ್ಲೇ. ಮನಸ್ಸಿಟ್ಟು ಕೇಳಿ ಪಡೆಯಬೇಕಾದ ದೀಕ್ಷಾಸ್ನಾನವನ್ನು ಮದುವೆಯ ಕರಾರು ಮಾಡಿದರೆ ಅದು ಯಾರ ನಂಬಿಕೆ? ನಿಮ್ಮ ಮಗಳು ನೀರಿಗಿಳಿಯುವುದು ಕರ್ತನಿಗೋಸ್ಕರವೋ, ಬೀಗರಿಗೋಸ್ಕರವೋ? ಆ ಸಭೆ ತಾನು ಹಿಡಿದಿರುವ ಇದೇ ವಾದಕ್ಕಾಗಿ ಜೀವ ಕೊಟ್ಟವರ ಮಾತನ್ನೇ ಮೀರುತ್ತಿದೆ.

ಬೈಬಲ್ಲಿನಲ್ಲಿ ಕೂಸಿನ ದೀಕ್ಷಾಸ್ನಾನಕ್ಕೂ ನಂಬಿದ ಮೇಲಿನ ದೀಕ್ಷಾಸ್ನಾನಕ್ಕೂ ಆಧಾರ ಸಿಗುತ್ತದೆ. ಅಪೊಸ್ತಲರ ಕೃತ್ಯಗಳ 8ನೇ ಅಧ್ಯಾಯದಲ್ಲಿ ಇಥಿಯೋಪ್ಯದ ಕಂಚುಕಿ (ಅರಮನೆಯ ಅಧಿಕಾರಿ) ಸುವಾರ್ತೆ ಕೇಳಿ, ತಾನೇ ಬಾಯಿಬಿಟ್ಟು ಕೇಳಿ ನೀರಿಗಿಳಿಯುತ್ತಾನೆ. 16ರಲ್ಲಿ ಲುದ್ಯಳ ಮನೆಯವರಿಗೆಲ್ಲ, ಸೆರೆಮನೆಯ ಅಧಿಕಾರಿಯ ಮನೆಯವರಿಗೆಲ್ಲ ಆಗುತ್ತದೆ. ಅಲ್ಲಿ ಕೂಸುಗಳಿದ್ದವೋ ಇಲ್ಲವೋ ಎಂದು ವಾದ ಮಾಡುತ್ತಾ ಹೋದರೆ ಮುಗಿಯುವುದಿಲ್ಲ.

ಆ ಜಗಳವನ್ನು ದಾಟಲು ದೇವಶಾಸ್ತ್ರಿಗಳು ದುಡಿದಿದ್ದಾರೆ. ಸಭೆಗಳ ವಿಶ್ವ ಮಂಡಳಿಯ ಆಯೋಗ 1982ರಲ್ಲಿ ಪೆರುವಿನ ಲಿಮಾದಲ್ಲಿ ಕೂತು ಒಂದು ದಾಖಲೆ ಒಪ್ಪಿಕೊಂಡಿತು. ಆರ್ಥೊಡಾಕ್ಸ್, ಲೂಥರನ್, ಬ್ಯಾಪ್ಟಿಸ್ಟರ ಜೊತೆ ಕ್ಯಾಥೊಲಿಕರೂ ಅಲ್ಲಿದ್ದರು. ದೀಕ್ಷಾಸ್ನಾನ ಒಂದೇ ಸಲ, ಎರಡನೇ ಸಲ ಮಾಡಿದಂತೆ ಕಾಣುವ ಯಾವುದನ್ನೂ ಮಾಡಬೇಡಿ ಎಂದಿತು ಆ ದಾಖಲೆ. ಇಂದು ನಿಮ್ಮ ಮಗಳು ಕ್ಯಾಥೊಲಿಕ್ ಸಭೆಗೆ ಸೇರಿದರೂ ಅಲ್ಲಿಯ ಫಾದರ್ ಮತ್ತೆ ನೀರು ಹಾಕುವುದಿಲ್ಲ. ತಂದೆ, ಮಗ, ಪವಿತ್ರಾತ್ಮನ ಹೆಸರಿನಲ್ಲಿ ಆಗಿದ್ದರೆ ಆಯಿತು, ಅಷ್ಟೇ. (ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದ ಮೇಜು ಮಾತ್ರ ಇನ್ನೂ ಒಂದಾಗಿಲ್ಲ. ಅದು ನನ್ನನ್ನು ಜಾಸ್ತಿ ನೋಯಿಸುತ್ತದೆ.)

ಇನ್ನು ಇಷ್ಟೊಂದು ಸಭೆ ಯಾಕೆ ಎಂದಿರಿ. ನಮ್ಮ ಜಿಲ್ಲೆಗೆ ಅರ್ಧಕ್ಕರ್ಧ ಭಿನ್ನಮತ ಹೊರದೇಶದ ಮಿಷನರಿಗಳ ಹಡಗಿನಲ್ಲೇ ಬಂತು. ಆದರೆ 1810ರಲ್ಲಿ ಬಳ್ಳಾರಿಗೆ ಬಂದ ಮಿಷನರಿ ಜಾನ್ ಹ್ಯಾಂಡ್ಸ್ ಅವರನ್ನು ಕಳಿಸಿದ ಲಂಡನ್ ಮಿಷನ್ 1796ರಲ್ಲೇ ಒಂದು ನಿಯಮ ಮಾಡಿಕೊಂಡಿತ್ತು: ನಾವು ಒಯ್ಯುವುದು ಸುವಾರ್ತೆ, ನಮ್ಮ ಪಂಗಡವನ್ನಲ್ಲ; ಸಭೆ ಹೇಗಿರಬೇಕೆಂದು ಅಲ್ಲಿಯ ಜನರೇ ತೀರ್ಮಾನಿಸಲಿ. ಎಷ್ಟು ದೊಡ್ಡ ಮನಸ್ಸು! 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮತ್ತು ಮೊದಲೇ ಕೂಡಿಕೊಂಡಿದ್ದ ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಗಳು ಸೇರಿ ಸಿಎಸ್‌ಐ ಆದದ್ದನ್ನು ಇದರ ಜೊತೆಗಿಟ್ಟು ನೋಡಿ. ಬಿಷಪ್ಪರಿರುವ ಸಭೆಗಳೂ ಬಿಷಪ್ಪರೇ ಬೇಡ ಎನ್ನುತ್ತಿದ್ದ ಸಭೆಗಳೂ ಒಂದಾದವು. ನೀವು ಭಾನುವಾರ ಕೂರುವ ಸಭೆ ಆ ಕೂಡಿಕೆಯಿಂದಲೇ ಬಂದದ್ದು.

ನನ್ನ ಸಲಹೆ ಇಷ್ಟು. ಮೊದಲು ಹುಡುಗ ಹುಡುಗಿಯನ್ನು ಕೂರಿಸಿ ಮಾತಾಡಿಸಿ. ನಿರ್ಧಾರ ಅವಳದು. ಅವಳಿಗೇ ಮನಸ್ಸಿದ್ದರೆ ನೀವು ಅಡ್ಡ ಬರಬೇಡಿ. ಮನಸ್ಸಿಲ್ಲದಿದ್ದರೆ ನಿಮ್ಮ ಸಭೆಯ ಪಾದ್ರಿ ಅಯ್ಯನವರ ಜೊತೆ ಹೋಗಿ, ದೀಕ್ಷಾಸ್ನಾನದ ಸರ್ಟಿಫಿಕೇಟು ತೋರಿಸಿ, ಮದುವೆ ನಿಮ್ಮ ದೇವಾಲಯದಲ್ಲಾಗಲಿ, ಪಾಸ್ಟರ್ ಬಂದು ಜೋಡಿಗೆ ಪ್ರಾರ್ಥನೆ ಮಾಡಲಿ ಎಂದು ಕೇಳಿ. ಅದಕ್ಕೂ ಒಪ್ಪದಿದ್ದರೆ ತಾರೀಖು ಮುಂದಕ್ಕೆ ಹಾಕಿ. ಛತ್ರದ ಅಡ್ವಾನ್ಸ್ ಹೋದರೆ ಹೋಗಲಿ.

— ಸಂಪಾದಕ