ಯಾವ ಲೋಹ ಅಂತ ಹೇಳಿ

ನಮಸ್ಕಾರ. ಗ್ರಾಫೀನ್ (ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ) ಮತ್ತು ನ್ಯಾನೋಟ್ಯೂಬ್ (ಅದೇ ಹಾಳೆ ಸುರುಳಿಯಾದಂಥ ಅತಿ ಸಣ್ಣ ಕೊಳವೆ) ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯ ತುಂಬಾ ಚೆನ್ನಾಗಿದೆ, ಕೈಬಿಡಬೇಡಿ.

ಅರ್ಧ ಲೇಖನ ಬರೀ ಹೊಗಳಿಕೆ. 2004ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಗೈಮ್ ಮತ್ತು ನೊವೊಸೆಲೊವ್ ಗ್ರಾಫೀನ್ ಬೇರ್ಪಡಿಸಿದ್ದು, 2010ರ ನೊಬೆಲ್, ಉಕ್ಕಿಗಿಂತ ಗಟ್ಟಿ ಅನ್ನೋದು, ಇದನ್ನೆಲ್ಲ ಓದುಗರು ಹತ್ತು ಕಡೆ ಓದಿರುತ್ತಾರೆ. ಎರಡು ಸಾಲಿಗೆ ಇಳಿಸಿ. ನನ್ನ ದೊಡ್ಡ ತಕರಾರು ಈ ವಾಕ್ಯದ ಮೇಲೆ: 'ಇವು ಲೋಹಗಳ ಜೊತೆ ಗಟ್ಟಿಯಾಗಿ ಬೆಸೆದುಕೊಳ್ಳುತ್ತವೆ.' ಯಾವ ಲೋಹ? ಚಿನ್ನವಾ, ನಿಕಲ್ಲಾ, ಟೈಟಾನಿಯಮ್ಮಾ? ಕಥೆ ಇರೋದೇ ಅಲ್ಲಿ ಅಲ್ವಾ?

ಗ್ರಾಫೀನ್‌ನಲ್ಲಿ ಪ್ರತಿ ಇಂಗಾಲದ ಪರಮಾಣು ಅಕ್ಕಪಕ್ಕದ ಮೂರರ ಜೊತೆ ಆಗಲೇ ಬಿಗಿಯಾಗಿ ಸೇರಿಕೊಂಡಿರುತ್ತದೆ. ಹಾಗಾಗಿ ಹೊಸ ನಂಟಿಗೆ ಅದಕ್ಕೆ ಅಷ್ಟೇನೂ ಆತುರವಿಲ್ಲ. ತಾಮ್ರ, ಬೆಳ್ಳಿ, ಚಿನ್ನದ ಮೇಲೆ ಅದು ಸುಮಾರು 0.33 ನ್ಯಾನೋಮೀಟರ್ ದೂರದಲ್ಲಿ ಸುಮ್ನೆ ಕೂತಿರುತ್ತದೆ, ಗ್ರಾಫೈಟ್‌ನ ಪದರಗಳ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಅಂತರ. ನಿಕಲ್, ಕೋಬಾಲ್ಟ್ ಮೇಲಾದರೆ ಈ ಅಂತರ 0.21ರ ಆಸುಪಾಸಿಗೆ ಇಳಿಯುತ್ತದೆ. ಆ ಲೋಹಗಳ ಡಿ ಎಲೆಕ್ಟ್ರಾನ್‌ಗಳು (ಪರಮಾಣುವಿನಲ್ಲಿ ಡಿ ಅನ್ನುವ ಕಕ್ಷಕದಲ್ಲಿರುವವು) ಇಂಗಾಲದ ಎಲೆಕ್ಟ್ರಾನ್‌ಗಳ ಜೊತೆ ಬೆರೆಯುತ್ತವೆ, ಬಂಧ ಗಟ್ಟಿಯಾಗುತ್ತದೆ, ಆದರೆ ನೀವು ಎರಡು ಪುಟ ಹೊಗಳಿದ ಗ್ರಾಫೀನ್‌ನ ಆ ವಿಶೇಷ ಗುಣವೇ, ಅಂದರೆ ಎಲೆಕ್ಟ್ರಾನ್ ಸಲೀಸಾಗಿ ಓಡುವುದೇ, ಅಲ್ಲಿ ಕೆಟ್ಟುಹೋಗುತ್ತದೆ. ಗಟ್ಟಿ ಬಂಧ ಅಂದ ತಕ್ಷಣ ಲಾಭ ಅಂತ ನೀವು ಅಂದುಕೊಂಡಿದ್ದೀರಿ. ಹಾಗಲ್ಲ.

ನಿಮ್ಮ ಲೇಖನ ಶುರುವಾಗಬೇಕಾದದ್ದು ನ್ಯಾನೋಟ್ಯೂಬ್ ಮೇಲೆ ಲೋಹದ ಆವಿ ಹಾಯಿಸುವ ಪ್ರಯೋಗದಿಂದ. ಚಿನ್ನ ಹಾಯಿಸಿದರೆ ಅದು ಕೊಳವೆಯನ್ನು ಮುಚ್ಚುವುದಿಲ್ಲ, ಕೆಸುವಿನ ಎಲೆ ಮೇಲಿನ ನೀರಿನ ಹಾಗೆ ಬಿಡಿ ಬಿಡಿ ಹನಿಯಾಗಿ ನಿಲ್ಲುತ್ತದೆ. ಟೈಟಾನಿಯಂ ಉದ್ದಕ್ಕೂ ಒಂದೇ ಸಮ ಹರಡಿಕೊಳ್ಳುತ್ತದೆ. ಹಾಗಾದರೆ ಟೈಟಾನಿಯಮ್ಮೇ ಸರಿ ಅನ್ನಿಸುತ್ತದೆ, ಆದರೆ ಅದಕ್ಕೆ ಇಂಗಾಲದ ಜೊತೆ ಸೇರಿ ಕಾರ್ಬೈಡ್ ಆಗುವ ಸ್ವಭಾವ, ಜೊತೆಗೆ ಆಮ್ಲಜನಕ ಸಿಕ್ಕರೆ ಬೇಗ ಆಕ್ಸೈಡೂ ಆಗುತ್ತದೆ. ಎರಡರ ಮಧ್ಯದ ದಾರಿ ಸಿಕ್ಕಿದ್ದು ಪಲ್ಲಾಡಿಯಂ ಅನ್ನುವ ಲೋಹದಲ್ಲಿ. 2003ರಲ್ಲಿ ಸ್ಟ್ಯಾನ್‌ಫರ್ಡ್‌ನವರು ನ್ಯಾನೋಟ್ಯೂಬ್ ಟ್ರಾನ್ಸಿಸ್ಟರ್‌ಗೆ ಪಲ್ಲಾಡಿಯಂ ತುದಿ ಕೊಟ್ಟಾಗ, ಲೋಹದಿಂದ ಕೊಳವೆಗೆ ಕರೆಂಟ್ ದಾಟಲು ಇದ್ದ ತಡೆ ಹೆಚ್ಚುಕಡಿಮೆ ಇಲ್ಲವಾಯಿತು. ಇಷ್ಟು ಒಳ್ಳೆಯ ಘಟನೆಗೆ ನಿಮ್ಮಲ್ಲಿ ಒಂದು ಸಾಲೂ ಇಲ್ಲ!

ಅಲ್ಯೂಮಿನಿಯಂಗೆ ನ್ಯಾನೋಟ್ಯೂಬ್ ಬೆರೆಸಿದರೆ ವಿಮಾನ ಹಗುರಾಗುತ್ತದೆ ಅನ್ನುವ ಪ್ಯಾರಾ ಅವಸರದ್ದು. ಕೊಳವೆಯ ತುದಿಯಲ್ಲಿ, ಗೋಡೆ ಮುರಿದ ಕಡೆ ಅಲ್ಯೂಮಿನಿಯಂ ಕಾರ್ಬೈಡ್ ಆಗುತ್ತದೆ. ಸ್ವಲ್ಪ ಆದರೆ ಹಿಡಿತಕ್ಕೆ ಒಳ್ಳೆಯದು, ಜಾಸ್ತಿಯಾದರೆ ಪೆಡಸು, ತೇವ ತಾಗಿದರೆ ಇನ್ನೂ ಹಾಳು. ಇದನ್ನು ಬರೆಯಿರಿ, ಇಲ್ಲವೇ ಪ್ಯಾರಾ ತೆಗೆಯಿರಿ.

'ಕ್ರಾಂತಿ', 'ಪವಾಡ' ಎರಡನ್ನೂ ಪೂರ್ತಿ ತೆಗೆದುಬಿಡಿ. ಚಿನ್ನದ ಹನಿಯಿಂದ ಶುರುಮಾಡಿ, ಪಲ್ಲಾಡಿಯಂವರೆಗೆ ಬಂದು ನಿಲ್ಲಿಸಿ. ಈಗಿನದರ ಅರ್ಧ ಉದ್ದ ಸಾಕು. ಹಾಗೆ ಬರೆದು ಕಳಿಸಿ, ಖಂಡಿತ ಓದುತ್ತೇನೆ.